ಕೋರ್ಟ್ ಬಿಟ್ಟುಕೊಡದ ವರ್ಷ

ಹೊಸ ಕೋಚ್ ಬಂದ ದಿನ ನಮ್ಮ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಅದೇನೂ ಹೊಸತಲ್ಲ. ಉಡುಪಿಯ ನಮ್ಮ ಕಾಲೇಜಿನಲ್ಲಿ ಆ ಕೋರ್ಟ್ ಹೆಸರಿಗಷ್ಟೇ ಬಾಸ್ಕೆಟ್‌ಬಾಲಿನದು. ಬೆಳಿಗ್ಗೆ ಅಲ್ಲಿ ಉಪನ್ಯಾಸಕರ ಕಾರುಗಳು ನಿಲ್ಲುತ್ತಿದ್ದವು. ಸಂಜೆ ರಿಂಗಿನ ಕಂಬವೇ ಸ್ಟಂಪ್ ಆಗುತ್ತಿತ್ತು. ಹುಡುಗಿಯರ ತಂಡದವರಾದ ನಾವು ಬದಿಯ ಮೆಟ್ಟಿಲುಗಳ ಮೇಲೆ ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಕೂತು, ಇವರ ಆಟ ಯಾವಾಗ ಮುಗಿದೀತು ಎಂದು ಕಾಯುತ್ತಿದ್ದೆವು. ಅದು ಮುಗಿಯುವಷ್ಟರಲ್ಲಿ ನಮ್ಮ ಬಸ್ಸಿನ ಹೊತ್ತಾಗುತ್ತಿತ್ತು.

ಹೊಸ ಕೋಚ್ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡೇ ಬಂದರು. ಮೂವತ್ತೈದರ ಆಸುಪಾಸಿನ ಹೆಂಗಸು, ಗಿಡ್ಡ ಕೂದಲು, ಎಡಗಾಲನ್ನು ತುಸು ಎಳೆದು ಹಾಕುವ ನಡಿಗೆ. ಪರ್ಕಳದ ದಾರಿಯ ಕೆಂಪು ಕೆಸರು ಪ್ಯಾಂಟಿನ ತುದಿಗೆಲ್ಲ ಹಾರಿತ್ತು.

"ಬಾಸ್ಕೆಟ್‌ಬಾಲಿನವರು ಯಾರು?" ಎಂದು ಕೇಳಿದರು. ನಾವು ಎದ್ದು ನಿಂತೆವು.

"ಮತ್ತೆ ಇಲ್ಲಿ ಕೂತು ಎಂತ ಮಾಡ್ತಿದ್ದೀರಿ?"

"ಅವರದ್ದು ಮುಗೀಲಿಕ್ಕೆ ಕಾಯ್ತಿದ್ದೇವೆ ಮೇಡಂ," ಎಂದಳು ನಮ್ಮ ಕ್ಯಾಪ್ಟನ್.

ಅವರು ನೇರವಾಗಿ ಕೋರ್ಟಿನ ನಡುವಿಗೆ ನಡೆದು, ಬಣ್ಣ ಮಾಸಿದ ದೊಡ್ಡ ವೃತ್ತದೊಳಗೆ ಎಡಗಾಲು ಚಾಚಿ ಕೂತುಬಿಟ್ಟರು. ಬೌಲಿಂಗ್ ಮಾಡಲು ಓಡಿಬರುತ್ತಿದ್ದ ಹುಡುಗ ಅರ್ಧದಲ್ಲಿ ನಿಂತ.

"ಮೇಡಂ, ಸ್ವಲ್ಪ ಆಚೆ ಹೋಗ್ತೀರಾ? ಬಾಲ್ ತಾಗ್ತದೆ."

"ತಾಗ್ಲಿ ಮಾರಾಯ. ನೀವು ಆಡಿ. ನಾನು ಇಲ್ಲಿಯೇ ಇರ್ತೇನೆ."

ಹುಡುಗರು ನಕ್ಕರು. ಒಬ್ಬ ಹಟಕ್ಕೆ ಬಿದ್ದು ಚೆಂಡು ಎಸೆದೇಬಿಟ್ಟ. ಅದು ಅವರ ಭುಜದ ಪಕ್ಕದಿಂದ ಹಾರಿಹೋಯಿತು. ಅವರು ತಲೆ ಕೂಡ ಅಲುಗಿಸಲಿಲ್ಲ. ಆಮೇಲೆ ನಮ್ಮತ್ತ ತಿರುಗಿ, "ಎಂತ ನೋಡ್ತಿದ್ದೀರಿ? ಬಂದು ಕೂತ್ಕೊಳ್ಳಿ," ಎಂದರು. ನಾವು ಒಬ್ಬೊಬ್ಬರಾಗಿ ಹೋಗಿ ಅವರ ಸುತ್ತ ಕೂತೆವು. ನಾವು ಮಾಡಿದ್ದು ಕೂತದ್ದು ಮಾತ್ರ. ಆದರೆ ಹುಡುಗರ ಮುಖ ನೋಡಿದರೆ ನಾವು ಅವರ ಮನೆಯೊಳಗೆ ನುಗ್ಗಿದಂತಿತ್ತು. ಸ್ವಲ್ಪ ಹೊತ್ತು ಗೊಣಗಿ, ಬ್ಯಾಟು ಹೆಗಲಿಗೇರಿಸಿಕೊಂಡು ಹೋದರು.

"ನಾಳೆಯೂ ಬರ್ತಾರೆ," ಎಂದಳು ಕ್ಯಾಪ್ಟನ್.

"ನಾವೂ ಬರ್ತೇವಲ್ಲ," ಎಂದರು ಕೋಚ್.

ಅವರು ಕಾರ್ಕಳದವರು. ಒಂದು ಕಾಲದಲ್ಲಿ ರಾಜ್ಯ ತಂಡಕ್ಕೆ ಆಡಿದ್ದವರು. ಮೊಣಕಾಲು ಕೈಕೊಟ್ಟ ಮೇಲೆ ಆಟ ನಿಂತಿತ್ತು. ದಿನವೂ ಬೈಲೂರು, ಹಿರಿಯಡ್ಕ ದಾಟಿ ಸ್ಕೂಟರಿನಲ್ಲಿ ಬರುತ್ತಿದ್ದರು. ಅವರಿಗಿಂತ ಮೊದಲು ನಮ್ಮನ್ನು ನೋಡಿಕೊಳ್ಳುತ್ತಿದ್ದವರು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಕೆಟ್ಟವರೇನಲ್ಲ. ಹುಡುಗಿಯರ ತಂಡ ಎಂದರೆ ಅವರ ಪಾಲಿಗೆ ವರ್ಷಕ್ಕೊಮ್ಮೆ ಎಲ್ಲಿಗಾದರೂ ಕರೆದುಕೊಂಡು ಹೋಗಿ, ಮೊದಲ ಪಂದ್ಯದಲ್ಲೇ ಸೋಲಿಸಿಕೊಂಡು, ಗಡ್‌ಬಡ್ ಐಸ್‌ಕ್ರೀಂ ತಿನ್ನಿಸಿ ವಾಪಸು ತರುವ ಒಂದು ಪಿಕ್‌ನಿಕ್. ನಮಗೂ ಅದು ಹಾಗೆಯೇ ಆಗಿಹೋಗಿತ್ತು. ಸೋತೆವು ಎಂದು ಅತ್ತ ನೆನಪು ನನಗಿಲ್ಲ.

ಹೊಸಬರ ಬಗ್ಗೆ ಕಾಲೇಜಿನಲ್ಲಿ ಬೇಗನೆ ಪಿಸುಮಾತು ಹುಟ್ಟಿತು. ಗಂಡನನ್ನು ಬಿಟ್ಟವರಂತೆ, ಕಾರ್ಕಳದಲ್ಲಿ ತಾಯಿಯ ಜೊತೆ ಇದ್ದಾರಂತೆ. ತಂಡದ ಒಬ್ಬಳು ಬಾಯಿ ತಡೆಯಲಾಗದೆ ಅವರನ್ನೇ ಕೇಳಿಬಿಟ್ಟಳು.

"ಹೌದು, ಬಿಟ್ಟಿದ್ದೇನೆ," ಎಂದರು ಕೋಚ್. "ಅದಕ್ಕೂ ನೀನು ಎಡಗೈಯಲ್ಲಿ ಚೆಂಡು ಬಡಿಯಲಿಕ್ಕೆ ಕಲಿಯದ್ದಕ್ಕೂ ಎಂತ ಸಂಬಂಧ? ಹೋಗು, ಆ ಗೋಡೆಯವರೆಗೆ ಎಡಗೈಯಲ್ಲೇ ಹೋಗಿ ಬಾ."

ನಾನು ಕಾಪುವಿನವಳು. ಅಪ್ಪ ಮಲ್ಪೆಯಿಂದ ಹೊರಡುವ ಬೋಟಿನಲ್ಲಿ, ಅಮ್ಮ ಮೀನು ಮಾರ್ಕೆಟಿನಲ್ಲಿ. ಏಳನೇ ಕ್ಲಾಸಿನಿಂದಲೇ ನಾನು ನನ್ನ ವಾರಿಗೆಯವರಿಗಿಂತ ಒಂದು ತಲೆ ಎತ್ತರ. ಆ ಎತ್ತರವನ್ನು ಅಡಗಿಸಲು ಬೆನ್ನು ಬಗ್ಗಿಸಿ ನಡೆಯುವುದು ಅಭ್ಯಾಸವಾಗಿತ್ತು. ಫೋಟೊಗಳಲ್ಲೆಲ್ಲ ಮೊಣಕಾಲು ಮಡಚಿ ನಿಂತಿದ್ದೇನೆ. ಮನೆಗೆ ಬಂದ ನೆಂಟರು, "ಇವಳಿಗೆ ಗಂಡು ಎಲ್ಲಿಂದ ತರುವುದು?" ಎಂದು ನಗುತ್ತಿದ್ದರು. ಕೋಚ್ ಮೊದಲ ವಾರದಲ್ಲೇ ನನ್ನ ಬೆನ್ನಿನ ಮೇಲೆ ಅಂಗೈಯಿಂದ ಒಂದು ಬಿಟ್ಟರು.

"ನೆಟ್ಟಗೆ ನಿಲ್ಲು. ಇಷ್ಟು ಉದ್ದ ಇದ್ದುಕೊಂಡು ಯಾರ ಹತ್ರ ಕ್ಷಮೆ ಕೇಳ್ತಾ ಇದ್ದೀ?"

ಅಂದಿನಿಂದ ನನ್ನ ಜಾಗ ರಿಂಗಿನ ಕೆಳಗೆ. ತಪ್ಪಿ ಹಿಂದೆ ಬರುವ ಚೆಂಡನ್ನು ಹಾರಿ ಹಿಡಿಯುವುದು ನನ್ನ ಕೆಲಸ. ಚೆಂಡನ್ನು ಮುಂದಕ್ಕೆ ಒಯ್ಯುವವಳು ಕ್ಯಾಪ್ಟನ್. ಉಡುಪಿಯ ಕೊಂಕಣಿ ಮಾತಾಡುವ ಕ್ರೈಸ್ತರ ಮನೆಯ ಹುಡುಗಿ, ಅಪ್ಪ ಗಲ್ಫಿನಲ್ಲಿ. ಗಿಡ್ಡಗಿದ್ದಳು, ಬಾಯಿ ಜೋರು. ದೂರದಿಂದ ಗುರಿಯಿಟ್ಟು ಹಾಕುವವಳು ನನ್ನದೇ ಬಸ್ಸಿನಲ್ಲಿ ಕಾಪುವಿನಿಂದ ಬರುತ್ತಿದ್ದ, ಬ್ಯಾರಿ ಮುಸ್ಲಿಮರ ಮನೆಯ ಹುಡುಗಿ. ಮಾತು ಕಡಿಮೆ. ಚಡ್ಡಿಯ ಒಳಗೆ ಪಾದದ ಗಂಟಿನವರೆಗೆ ಬರುವ ಕಪ್ಪು ಲೆಗ್ಗಿಂಗ್ಸ್ ಹಾಕಿಕೊಂಡು ಆಡುತ್ತಿದ್ದಳು. ಅವಳು ಚೆಂಡು ಎಸೆಯುವಾಗ ಮಣಿಕಟ್ಟು ಬಾಗುವ ರೀತಿ ನೋಡಿದರೆ, ಅದು ಬುಟ್ಟಿಗೆ ಬೀಳುವ ಮೊದಲೇ ನನಗೆ ಗೊತ್ತಾಗುತ್ತಿತ್ತು.

ಮಳೆ ಇರುವಾಗ ಸಿಮೆಂಟಿನ ಕೋರ್ಟ್ ಪಾಚಿ ಹಿಡಿದು ಜಾರುತ್ತಿತ್ತು. ಕೋಚ್ ಬ್ಲೀಚಿಂಗ್ ಪೌಡರ್, ತೆಂಗಿನ ಕಡ್ಡಿಯ ಹಿಡಿಸೂಡಿ ತಂದರು. ಅದನ್ನು ತಿಕ್ಕಿದವರು ನಾವೇ. ತಿಕ್ಕಿದ ಮೇಲೆ ಅದು ನಮ್ಮದು ಎಂಬ ಒಂದು ಹಕ್ಕು ಬಂದುಬಿಟ್ಟಿತು. ಕಾರು ನಿಲ್ಲಿಸಲು ಬಂದ ಉಪನ್ಯಾಸಕರೊಬ್ಬರಿಗೆ ನಮ್ಮ ಕ್ಯಾಪ್ಟನ್, "ಸರ್, ಟಯರಿನ ಕೆಸರು ನೀವು ತೊಳೆದು ಕೊಡುದಾದ್ರೆ ನಿಲ್ಲಿಸಿ," ಎಂದಳು. ಅವರು ಕಾರು ಹಿಂದಕ್ಕೆ ತೆಗೆದರು.

ಮೊದಲ ಪಂದ್ಯ ಮಣಿಪಾಲದಲ್ಲಿ. ಒಳಾಂಗಣ ಕ್ರೀಡಾಂಗಣ, ಹೊಳೆಯುವ ಮರದ ನೆಲ. ಎದುರಾಳಿಗಳು ದೇಶದ ಮೂಲೆ ಮೂಲೆಯಿಂದ ಓದಲು ಬಂದ ಹುಡುಗಿಯರು. ಇಂಗ್ಲಿಷಿನಲ್ಲಿ ಕೂಗಾಡುತ್ತ, ಒಬ್ಬರಿಗೊಬ್ಬರು ಅಂಗೈ ತಟ್ಟಿಕೊಳ್ಳುತ್ತ ಬಂದರು. ಸಿಮೆಂಟಿನ ಮೇಲೆ ಸವೆದ ನಮ್ಮ ಶೂಗಳು ಆ ನೆಲದ ಮೇಲೆ ಕಿರ್ ಎಂದು ಸದ್ದು ಮಾಡಿದಾಗಲೆಲ್ಲ ನನಗೆ ನಾಚಿಕೆ. ಅವರು ನಮ್ಮನ್ನು ಚಿಂದಿ ಮಾಡಿದರು. ಕೊನೆಗೆ ಅವರ ಬದಲಿ ಆಟಗಾರ್ತಿಯರೆಲ್ಲ ಬಂದು ಆಡಿ ಹೋದರು.

ಹೊರಗೆ ಬಂದು ನಾವು ಐಸ್‌ಕ್ರೀಂ ಅಂಗಡಿಯ ಕಡೆ ನೋಡಿದೆವು. ಕೋಚ್ ವ್ಯಾನಿನ ಬಾಗಿಲು ತೆಗೆದು ನಿಂತಿದ್ದರು.

"ಸೋತದ್ದಕ್ಕೆ ನಾನು ಏನೂ ಹೇಳುದಿಲ್ಲ. ಅವರು ಒಳ್ಳೆ ಆಟಗಾರರು. ಆದ್ರೆ ಕೊನೆಯ ಹೊತ್ತಿಗೆ ನೀವು ಓಡುದನ್ನು ಬಿಟ್ಟು ನಡೆದಿರಿ. ಯಾರು ನಡೀಲಿಕ್ಕೆ ಹೇಳಿದ್ದು ನಿಮಗೆ?"

ವ್ಯಾನಿನಲ್ಲಿ ನಾನು ಮೊದಲ ಬಾರಿಗೆ ಸೋಲಿನ ಅಳು ಅತ್ತೆ. ಅದು ದುಃಖದ್ದಲ್ಲ, ಸಿಟ್ಟಿನದ್ದು. ಯಾರ ಮೇಲೆ ಸಿಟ್ಟು ಎಂದು ಆಗ ಹೇಳಲು ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಬ್ಯಾರಿ ಹುಡುಗಿ ತನ್ನ ನೀರಿನ ಬಾಟಲಿ ನನ್ನ ಮಡಿಲಿಗೆ ಹಾಕಿ, ಕಿಟಕಿಯ ಹೊರಗೆ ನೋಡುತ್ತಾ ಕೂತಳು.

ಆ ಬಳಿಕ ನಾವು ಬೇರೆಯೇ ಆದೆವು. ಬೆಳಿಗ್ಗೆ ಬೇಗ ಬರುತ್ತಿದ್ದೆವು, ಸಂಜೆ ಬಸ್ಸು ತಪ್ಪಿಸಿಕೊಳ್ಳುತ್ತಿದ್ದೆವು. ಕಡಿಯಾಳಿಯವರೆಗೆ ಓಡಿ ಹೋಗಿ ಓಡಿ ಬರುತ್ತಿದ್ದೆವು, ದೇವಸ್ಥಾನದ ಎದುರು ಹೂ ಕಟ್ಟುವ ಹೆಂಗಸರು, "ಎಲ್ಲಿಗೆ ಬೆಂಕಿ ಬಿದ್ದದ್ದು?" ಎಂದು ಕೇಳುತ್ತಿದ್ದರು. ಎರಡು ಪಂದ್ಯ ಗೆದ್ದೆವು. ಹುಡುಗಿಯರ ಬಾಸ್ಕೆಟ್‌ಬಾಲ್ ತಂಡವೊಂದು ಉಂಟು ಎಂದು ಕಾಲೇಜಿಗೆ ಗೊತ್ತಾದದ್ದೇ ಆಗ.

ಆಮೇಲೆ ಆ ವಿಡಿಯೊ ಬಂತು.

ನಾವು ಅಭ್ಯಾಸ ಮಾಡುವುದನ್ನು ಯಾರೋ ಮೇಲಿನಿಂದ ಮೊಬೈಲಿನಲ್ಲಿ ತೆಗೆದಿದ್ದರು. ನಾನು ಚೆಂಡಿಗೆ ಹಾರುವುದು, ಕ್ಯಾಪ್ಟನ್ ಬಗ್ಗಿ ಶೂ ಕಟ್ಟಿಕೊಳ್ಳುವುದು, ಅವನ್ನೇ ನಿಧಾನ ಮಾಡಿ, ಹಿಂದೆ ಒಂದು ಪೋಲಿ ಹಾಡು ಹಾಕಿ ವಾಟ್ಸಾಪ್ ಗ್ರೂಪಿಗೆ ಬಿಟ್ಟಿದ್ದರು. ಕೆಳಗೆ ನಮ್ಮ ಕಾಲುಗಳ ಬಗ್ಗೆ ಕಮೆಂಟುಗಳು. ನಾನು ಅದನ್ನು ನೋಡಿದ್ದು ಬಸ್ಸಿನಲ್ಲಿ, ಮುಂದಿನ ಸೀಟಿನವರ ಮೊಬೈಲಿನಲ್ಲಿ. ಅದು ನಾನೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟು ದಿನ ಕಷ್ಟಪಟ್ಟು ಕಲಿತ ಹಾರಾಟ ಅದು. ಅದನ್ನು ಯಾರೋ ಕೊಳೆ ಕೈಯಲ್ಲಿ ಮುಟ್ಟಿದ ಹಾಗೆ ಅನ್ನಿಸಿತು. ಮನೆ ತಲುಪುವವರೆಗೆ ಬ್ಯಾಗನ್ನು ಎದೆಗೆ ಅವುಚಿಕೊಂಡು ಕೂತಿದ್ದೆ.

ಮನೆಯಲ್ಲಿ ಸೋದರಮಾವ ಕಾಯುತ್ತಿದ್ದರು. ನಮ್ಮಲ್ಲಿ ಸೋದರಮಾವನ ಮಾತು ದೊಡ್ಡದು. ಮೊಬೈಲನ್ನು ಅಮ್ಮನ ಮುಂದೆ ಹಿಡಿದು ತುಳುವಿನಲ್ಲಿ ಹೇಳಿದರು: "ನೋಡು ಅಕ್ಕ, ನಿನ್ನ ಮಗಳು. ಇಡೀ ಕಾಪು ನೋಡಿ ಆಯಿತು. ನಾಳೆಯಿಂದ ಈ ಚಡ್ಡಿ ಹಾಕಿ ಕುಣಿಯುವುದು ಬೇಡ."

ಅಮ್ಮ ವಿಡಿಯೊವನ್ನು ಪೂರ್ತಿ ನೋಡಿದರು. ಮುಖದಲ್ಲಿ ಏನೂ ಕಾಣಲಿಲ್ಲ. ನನ್ನನ್ನೂ ಮಾತಾಡಿಸದೆ ಒಳಗೆ ಹೋಗಿ ಮೀನು ತೊಳೆಯತೊಡಗಿದರು. ಆ ಮೌನ ನನಗೆ ಮಾವನ ಬೈಗುಳಕ್ಕಿಂತ ಹೆಚ್ಚು ತಾಗಿತು. ಮರುದಿನ ನಾನು ಕಾಲೇಜಿಗೆ ಹೋಗಲಿಲ್ಲ. ಅಮ್ಮ ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಸಂಜೆ ಮಾವ ಮತ್ತೆ ಬಂದು, "ನಿಲ್ಲಿಸಿದಳಲ್ಲ, ಒಳ್ಳೆಯದಾಯಿತು," ಎಂದಾಗ ಅಮ್ಮ ಬಾಯಿ ತೆರೆದರು.

"ತಮ್ಮಾ, ನಾನು ದಿನಾ ಸೀರೆ ಎತ್ತಿ ಕಟ್ಟಿ ಮಾರ್ಕೆಟಿನಲ್ಲಿ ಕೂರ್ತೇನೆ. ಬರುವವರು ಹೋಗುವವರು ಎಲ್ಲ ನೋಡ್ತಾರೆ. ನಾಳೆ ಯಾವನೋ ನನ್ನ ವಿಡಿಯೊ ತೆಗೆದು ಹಾಡು ಹಾಕಿದ್ರೆ ನೀನು ಎಂತ ಮಾಡ್ತಿ? ಅವನ ಕೈ ಮುರೀತಿಯೋ, ನನ್ನನ್ನು ಮನೆಯಲ್ಲಿ ಕೂರಿಸ್ತಿಯೋ?"

"ಅದು ಬೇರೆ ಅಕ್ಕ. ಅದು ಹೊಟ್ಟೆಪಾಡು."

"ಕಾಲು ಅದೇ ಅಲ್ವಾ?" ಎಂದರು ಅಮ್ಮ. ಆಮೇಲೆ ನನ್ನ ಕಡೆ ತಿರುಗಿ, "ನೀನು ಯಾಕೆ ಕೂತಿದ್ದಿ? ನಾಳೆ ಬಸ್ಸಿಗೆ ಹೋಗು," ಎಂದರು. ಮಾವ ಚಾ ಕುಡಿಯದೆ ಎದ್ದು ಹೋದರು. ಅವರು ಮತ್ತೆ ನಮ್ಮ ಮನೆಗೆ ಬರಲು ತಿಂಗಳುಗಳೇ ಹಿಡಿದವು. ಅಮ್ಮನಿಗೆ ಅದರ ಸಂಕಟ ಇತ್ತೆಂದು ಈಗ ನನಗೆ ಗೊತ್ತು. ಆಗ ಒಮ್ಮೆಯೂ ಹೇಳಲಿಲ್ಲ.

ಕಾಲೇಜಿನಲ್ಲಿ ಪ್ರಾಂಶುಪಾಲರು ಕರೆಸಿದರು. ಕೋಚ್, ಕ್ಯಾಪ್ಟನ್, ಬ್ಯಾರಿ ಹುಡುಗಿ, ನಾನು. ಕೂರಲು ಹೇಳಲಿಲ್ಲ.

"ನಿಮ್ಮ ಒಳ್ಳೆಯದಕ್ಕೇ ಹೇಳುದು," ಎಂದು ಶುರು ಮಾಡಿದರು. "ಇನ್ನು ಮೇಲೆ ಪ್ರಾಕ್ಟೀಸ್ ಸಭಾಂಗಣದ ಒಳಗೆ, ಬಾಗಿಲು ಹಾಕಿ. ಎಲ್ಲರೂ ಉದ್ದ ಪ್ಯಾಂಟ್ ಹಾಕ್ಬೇಕು."

"ಸಭಾಂಗಣದಲ್ಲಿ ರಿಂಗ್ ಇಲ್ಲ ಸರ್," ಎಂದರು ಕೋಚ್.

"ರಿಂಗ್ ಇಲ್ಲದಿದ್ರೂ ವ್ಯಾಯಾಮ ಮಾಡ್ಬಹುದಲ್ಲ."

"ವಿಡಿಯೊ ತೆಗೆದವ ಯಾರು ಅಂತ ನೋಡಿದ್ರಾ ಸರ್? ಅದು ಕಾಮರ್ಸ್ ಬ್ಲಾಕಿನ ಮೇಲಿನ ಜಗಲಿಯಿಂದ ತೆಗೆದದ್ದು. ಆ ಕಂಬದ ನೀಲಿ ಪೈಪ್ ವಿಡಿಯೊದಲ್ಲಿ ಕಾಣ್ತದೆ."

"ಅದನ್ನೆಲ್ಲ ಎಳೆದ್ರೆ ಕಾಲೇಜಿನ ಹೆಸರು ಹಾಳಾಗ್ತದೆ ಮೇಡಂ."

"ಹಾಗಾದ್ರೆ ತೆಗೆದವ ಹೊರಗೆ ಆರಾಮದಲ್ಲಿ ತಿರುಗ್ತಾನೆ, ಇವರು ಬಾಗಿಲು ಹಾಕಿ ಒಳಗೆ ಕೂರ್ಬೇಕು."

ಪ್ರಾಂಶುಪಾಲರು ಬ್ಯಾರಿ ಹುಡುಗಿಯ ಕಡೆ ಕೈ ತೋರಿಸಿದರು. "ಇವಳನ್ನು ನೋಡಿ ಕಲೀರಿ. ಇವಳು ಕಾಲು ಮುಚ್ಚಿಯೇ ಆಡುದಿಲ್ವಾ? ಎಷ್ಟು ಲಕ್ಷಣ!"

ಇಡೀ ವರ್ಷದಲ್ಲಿ ಅವಳು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಸರ್, ನಾನು ಹಾಕುದು ನನಗೆ ಬೇಕು ಅಂತ. ನನ್ನನ್ನು ತೋರಿಸಿ ಇವರಿಗೆ ಹಾಕಿಸ್ಬೇಡಿ. ನಾಳೆ ಯಾರಾದ್ರೂ ಇವರನ್ನು ತೋರಿಸಿ ನನಗೆ ತೆಗಿ ಅಂತ ಹೇಳಿದ್ರೆ, ಅದನ್ನೂ ನಾನು ಕೇಳುದಿಲ್ಲ."

ಹೊರಗೆ ಬಂದ ಮೇಲೆ ಕ್ಯಾಪ್ಟನ್ ಅವಳನ್ನು ಅಪ್ಪಿಕೊಂಡಳು. "ನಿನಗೆ ಬಾಯಿ ಉಂಟು ಅಂತ ಗೊತ್ತೇ ಇರ್ಲಿಲ್ಲ ಮಾರಾಯ್ತಿ!"

ನಾವು ಸಭಾಂಗಣಕ್ಕೆ ಹೋಗಲಿಲ್ಲ. ಅದೇ ವಾರ ಕೋಚ್ ನಮ್ಮನ್ನು ಕೋರ್ಟಿನಲ್ಲಿ ಸಾಲಾಗಿ ನಿಲ್ಲಿಸಿ ಹೇಳಿದರು, "ಕದ್ದು ನೋಡುವವರು ಮಾತ್ರ ಯಾಕೆ ನೋಡ್ಬೇಕು? ಎದುರು ಕೂತು ನೋಡುವವರನ್ನು ಕರೀರಿ. ಶನಿವಾರ ಸಂಜೆ ಮ್ಯಾಚ್. ನಮ್ಮೊಳಗೇ ಎರಡು ತಂಡ. ಮನೆಯವರು ಬರ್ಲಿ, ಲೆಕ್ಚರರ್ಸ್ ಬರ್ಲಿ, ಕ್ಯಾಂಟೀನಿನವರು ಬರ್ಲಿ."

ನಾನು ಅಮ್ಮನಿಗೆ ಹೇಳಿದೆ. ಬರುತ್ತಾರೆಂಬ ನಂಬಿಕೆ ಇರಲಿಲ್ಲ. ಅಮ್ಮ ನನ್ನ ಕಾಲೇಜಿನ ಗೇಟು ದಾಟಿದವರೇ ಅಲ್ಲ. ಶನಿವಾರ ಸಂಜೆ ನೋಡಿದರೆ ಅಮ್ಮ ಮಾತ್ರವಲ್ಲ, ಮಾರ್ಕೆಟಿನ ನಾಲ್ಕಾರು ಹೆಂಗಸರು ವ್ಯಾಪಾರ ಮುಗಿಸಿ ನೇರವಾಗಿ ಬಂದಿದ್ದರು. ತಲೆಗೆ ಮಲ್ಲಿಗೆ, ಸೀರೆಗೆ ಮೀನಿನ ವಾಸನೆ. ಕ್ಯಾಪ್ಟನಿನ ಅಮ್ಮ ಬಂದರು. ಬ್ಯಾರಿ ಹುಡುಗಿಯ ಅಜ್ಜಿ ಬುರ್ಖಾದಲ್ಲಿ ಬಂದು ಮೊದಲ ಮೆಟ್ಟಿಲಲ್ಲೇ ಕೂತರು. ಇಂಗ್ಲಿಷ್ ಕಲಿಸುವ ಮೇಡಂ ಮತ್ತು ಲೈಬ್ರರಿಯವರು ಕಾಮರ್ಸ್ ಬ್ಲಾಕಿನ ಜಗಲಿಯಲ್ಲೇ ಕುರ್ಚಿ ಹಾಕಿ ಕೂತರು. ಅಲ್ಲಿ ಬೇರೆ ಯಾರಿಗೂ ನಿಲ್ಲಲು ಜಾಗ ಉಳಿಯಲಿಲ್ಲ.

ನಾವು ಯಾವತ್ತಿನ ಬಟ್ಟೆಯಲ್ಲೇ ಆಡಿದೆವು. ಮೊದಲು ನನ್ನ ಕಾಲು ನೆಲ ಬಿಟ್ಟು ಏಳಲೇ ಇಲ್ಲ. ಹಾರಿದರೆ ಎಲ್ಲರೂ ಆ ವಿಡಿಯೊವನ್ನೇ ನೆನೆಸಿಕೊಳ್ಳುತ್ತಾರೆ ಅನ್ನಿಸುತ್ತಿತ್ತು. ಆಗ ಮೆಟ್ಟಿಲಿನಿಂದ ಮಾರ್ಕೆಟಿನ ಒಬ್ಬ ಹೆಂಗಸು ಗಟ್ಟಿಯಾಗಿ, ತಾನು ಗಿರಾಕಿ ಕರೆಯುವ ದನಿಯಲ್ಲೇ ಕೂಗಿದರು, "ಎಂತ ಮಗಾ, ಅದನ್ನು ಬಿಡುದಾ? ಹಿಡಿ!" ಎಲ್ಲರೂ ನಕ್ಕರು. ಮುಂದಿನ ಚೆಂಡು ರಿಂಗಿಗೆ ತಾಗಿ ಮೇಲೆದ್ದಾಗ ನಾನು ಹಾರಿದೆ. ಇಡೀ ಮೈಯನ್ನು ಎಳೆದು, ತೋಳು ಚಾಚಿ, ಯಾರು ಎಲ್ಲಿಂದ ನೋಡಿದರೂ ನೋಡಲಿ ಎಂದು ಹಾರಿದೆ.

ಮರುವಾರವೇ ವಿಡಿಯೊ ತೆಗೆದವನು ಯಾರೆಂದು ಹೊರಬಿತ್ತು. ಇಂಗ್ಲಿಷ್ ಮೇಡಂ ಸುಮ್ಮನಿರದೆ ವಿಚಾರಿಸಿದ್ದರು. ಹುಡುಗ ತಂದೆಯನ್ನು ಕರೆದುಕೊಂಡು ಬಂದು ಕೋರ್ಟಿನ ಬದಿಯಲ್ಲಿ ನಿಂತ. ತಂದೆ ಕೈಮುಗಿದರು. ಆ ಮನುಷ್ಯನನ್ನು ನೋಡಿ ನನಗೆ ಪಾಪ ಅನ್ನಿಸಿತು. ಕ್ಯಾಪ್ಟನಿಗೆ ಅನ್ನಿಸಲಿಲ್ಲ.

"ನಮ್ಮ ಹತ್ರ ಸಾರಿ ಹೇಳುದು ಬೇಡ," ಎಂದಳು ಅವನಿಗೆ. "ಯಾವ ಗ್ರೂಪಿಗೆ ಹಾಕಿದ್ದಿಯೋ ಅದೇ ಗ್ರೂಪಿಗೆ, ನಿನ್ನ ಮುಖ ತೋರಿಸಿ, ನೀನು ಮಾಡಿದ್ದು ಎಂತ ಅಂತ ಹೇಳು."

ಅವನು ವಿಡಿಯೊ ಮಾಡಿ ಹೇಳಿದ. ಆ ವಿಡಿಯೊ ಕೂಡ ಕಾಪುವಿನವರೆಗೆ ಬಂತು. ಮಾವ ಅದನ್ನು ನೋಡಿದರೋ ಇಲ್ಲವೋ, ನಾವು ಯಾರೂ ಕೇಳಲಿಲ್ಲ.

ವರ್ಷದ ದೊಡ್ಡ ಟೂರ್ನಿ ಕಾರ್ಕಳದಲ್ಲಿ. ಕೋಚ್ ತಮ್ಮ ಊರಿನಲ್ಲಿ ಮಾತು ಕಡಿಮೆ ಮಾಡಿದ್ದರು. ಅವರನ್ನು ಆಡುವ ಕಾಲದಲ್ಲಿ ನೋಡಿದವರು ಅಲ್ಲಿ ಬಹಳ ಮಂದಿ ಇದ್ದರು; ಕೆಲವರು ಬಂದು ಮಾತಾಡಿಸಿದರು, ಕೆಲವರು ನೋಡಿಯೂ ನೋಡದವರಂತೆ ಹೋದರು. ಮೊದಲ ಸುತ್ತುಗಳನ್ನು ಗೆದ್ದೆವು. ಸೆಮಿಫೈನಲಿಗೆ ಮೈ ಬಿಸಿ ಮಾಡಿಕೊಳ್ಳುತ್ತಿರುವಾಗ ಅಂಪೈರ್ ಒಬ್ಬರು ಬಂದು ಬ್ಯಾರಿ ಹುಡುಗಿಯ ಕಾಲನ್ನು ತೋರಿಸಿದರು.

"ಒಂದು ಟೀಮಿನವರ ಬಟ್ಟೆ ಒಂದೇ ತರ ಇರ್ಬೇಕು. ಇವಳೊಬ್ಬಳದ್ದು ಬೇರೆ. ಇದನ್ನು ತೆಗೀಲಿ, ಇಲ್ಲ ಹೊರಗೆ ಕೂರ್ಲಿ."

"ಇಷ್ಟು ದಿನ ಯಾರೂ ಹೇಳ್ಲಿಲ್ಲ," ಎಂದರು ಕೋಚ್. ವಾದಿಸಿದರು, ಮೇಲಿನವರನ್ನು ಕರೆಸಿದರು. ಅಂಪೈರ್ ಒರಟಾಗಿ ಏನೂ ಮಾತಾಡಲಿಲ್ಲ, ಆದರೆ ಜಗ್ಗಲೂ ಇಲ್ಲ. ಒಂದೇ ತರ ಇದ್ದರೆ ತಮ್ಮ ಆಕ್ಷೇಪ ಇಲ್ಲ ಎಂದರು.

"ನಾನು ಕೂರ್ತೇನೆ ಬಿಡಿ," ಎಂದಳು ಬ್ಯಾರಿ ಹುಡುಗಿ. ಅಷ್ಟರಲ್ಲೇ ಶೂ ಬಿಚ್ಚತೊಡಗಿದ್ದಳು.

"ನೀನು ಕೂತ್ರೆ ದೂರದಿಂದ ಯಾರು ಹಾಕುದು? ನಿನ್ನ ಅಜ್ಜಿಯಾ?" ಎಂದಳು ಕ್ಯಾಪ್ಟನ್. ಮತ್ತೆ ನಮ್ಮನ್ನೆಲ್ಲ ಒಮ್ಮೆ ನೋಡಿದಳು. ಯಾರೂ ಏನೂ ಹೇಳಬೇಕಾಗಿರಲಿಲ್ಲ. "ಮೇಡಂ, ಇಲ್ಲಿ ಹತ್ತಿರ ಬಟ್ಟೆ ಅಂಗಡಿ ಉಂಟಾ?"

ಬಸ್‌ಸ್ಟ್ಯಾಂಡಿನ ಹತ್ತಿರ ಕೋಚ್‌ಗೆ ಗುರುತಿನ ಅಂಗಡಿಯೊಂದಿತ್ತು. ಅವರು ಮತ್ತು ಕ್ಯಾಪ್ಟನ್ ಯಾರದೋ ಸ್ಕೂಟರ್ ಹತ್ತಿ ಹೋಗಿ, ಕಪ್ಪು ಲೆಗ್ಗಿಂಗ್ಸ್‌ಗಳನ್ನು ಒಂದು ದೊಡ್ಡ ಚೀಲಕ್ಕೆ ತುಂಬಿಸಿಕೊಂಡು ಬಂದರು. ನಾವು ಕೋಣೆಯ ಬಾಗಿಲಿಗೆ ಒಬ್ಬಳನ್ನು ನಿಲ್ಲಿಸಿ ನೂಕುನುಗ್ಗಲಿನಲ್ಲಿ ಹಾಕಿಕೊಂಡೆವು. ನನ್ನ ಎತ್ತರಕ್ಕೆ ಅದು ಮೀನಖಂಡದ ಹತ್ತಿರವೇ ನಿಂತುಬಿಟ್ಟಿತು. ಎಲ್ಲರೂ ನಕ್ಕರು, ಬ್ಯಾರಿ ಹುಡುಗಿ ಮಾತ್ರ ನಗಲಿಲ್ಲ. ಅವಳು ಗೋಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತಿದ್ದಳು.

ಕಾಲೇಜು ಹಾಕಿ ಎಂದಾಗ ಹಾಕದ್ದನ್ನು ನಾವೇ ಓಡಿ ಹೋಗಿ ತಂದು ಹಾಕಿಕೊಂಡೆವಲ್ಲ, ಇದೇನು ಎಂದು ಆಮೇಲೆ ಕೆಲವರು ಕೇಳಿದರು. ನನಗೆ ಆಗಲೂ ಅದರಲ್ಲಿ ಗೊಂದಲ ಕಾಣಲಿಲ್ಲ, ಇವತ್ತಿಗೂ ಕಾಣುವುದಿಲ್ಲ. ಅಲ್ಲಿ ನಮ್ಮನ್ನು ಅಡಗಿಸಲು ಹೇಳಿದರು. ಇಲ್ಲಿ ನಮ್ಮವಳನ್ನು ಹೊರಗೆ ಕೂರಿಸಲು ಹೇಳಿದರು. ಎರಡಕ್ಕೂ ನಾವು ಕೊಟ್ಟ ಉತ್ತರ ಒಂದೇ.

ಸಾಲಾಗಿ ಕಪ್ಪು ಕಾಲುಗಳಲ್ಲಿ ಕೋರ್ಟಿಗೆ ಇಳಿದಾಗ ಅಂಪೈರ್ ನಮ್ಮನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಸೀಟಿ ಬಾಯಿಗಿಟ್ಟರು. ಆ ಪಂದ್ಯದಲ್ಲಿ ಬ್ಯಾರಿ ಹುಡುಗಿಯನ್ನು ಯಾರಿಂದಲೂ ಹಿಡಿಯಲಾಗಲಿಲ್ಲ. ಮೂಲೆಯಿಂದ, ರಿಂಗಿನ ನೇರ ಎದುರಿನಿಂದ, ಎಲ್ಲಿಂದ ಎಸೆದರೂ ಬೀಳುತ್ತಿತ್ತು.

ಫೈನಲಿನಲ್ಲಿ ಮತ್ತೆ ಮಣಿಪಾಲದವರು. ಈ ಸಲ ಅವರು ಅಂಗೈ ತಟ್ಟಿಕೊಂಡು ನಗುತ್ತಾ ಬರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಒಬ್ಬರನ್ನೊಬ್ಬರು ಬೆನ್ನಟ್ಟಿದೆವು. ಅವರ ಉದ್ದದ ಹುಡುಗಿಯನ್ನು ತಡೆಯುವುದು ನನ್ನ ಪಾಲಿನದು. ಅವಳಿಗೆ ಒಂದೇ ಒಂದು ಸುಲಭದ ಬುಟ್ಟಿ ಕೊಡಬಾರದೆಂದು ಎಷ್ಟು ಹಟ ಹಿಡಿದೆನೆಂದರೆ ಆಟ ಮುಗಿಯುವ ಮೊದಲೇ ನನ್ನ ಐದನೇ ಫೌಲ್ ಆಯಿತು. ಐದಾದರೆ ಹೊರಗೆ. ಹೋಗಿ ಬೆಂಚಿನಲ್ಲಿ ಕೂತೆ. ಕೋಚ್ ಬೈಯಲಿಲ್ಲ. ಟವೆಲ್ ನನ್ನ ತಲೆಯ ಮೇಲೆ ಹಾಕಿ, "ಕೂಗು. ಬಾಯಿಗೆ ಫೌಲ್ ಇಲ್ಲ," ಎಂದರು. ನಾನು ಗಂಟಲು ಹರಿಯುವಂತೆ ಕೂಗಿದೆ. ಕೊನೆಯ ಕ್ಷಣದಲ್ಲಿ ಕ್ಯಾಪ್ಟನ್ ಇಬ್ಬರ ನಡುವಿನಿಂದ ನುಗ್ಗಿ ಎಸೆದ ಚೆಂಡು ರಿಂಗಿನ ಅಂಚಿನಲ್ಲಿ ಸುತ್ತಿ, ನಿಂತಂತೆ ಮಾಡಿ, ಹೊರಗೆ ಬಿತ್ತು. ಒಂದು ಬುಟ್ಟಿಯ ಅಂತರದಲ್ಲಿ ಸೋತೆವು.

ಸೀಟಿ ಊದಿದಾಗಲೂ ನಮ್ಮವರು ಓಡುತ್ತಲೇ ಇದ್ದರು. ಅದನ್ನು ನಾನು ಬೆಂಚಿನಿಂದ ಕಣ್ಣಾರೆ ನೋಡಿದೆ. ಮಣಿಪಾಲದ ಆ ಉದ್ದದ ಹುಡುಗಿ ಬಂದು ನನ್ನ ಕೈ ಹಿಡಿದು ಹಿಂದಿಯಲ್ಲಿ ಏನೋ ಹೇಳಿದಳು. ಪೂರ್ತಿ ಅರ್ಥವಾಗಲಿಲ್ಲ. ತನ್ನ ಪಕ್ಕೆಲುಬು ಮುಟ್ಟಿಕೊಂಡು ಮುಖ ಕಿವುಚಿ ನಕ್ಕದ್ದು ಅರ್ಥವಾಯಿತು.

ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಮಗೆ ಸನ್ಮಾನ ಎಂದು ಹೇಳಿದರು. ಅದೇ ಹೊತ್ತಿಗೆ, ಕೋಚ್‌ರನ್ನು ಮುಂದಿನ ವರ್ಷಕ್ಕೆ ಮುಂದುವರಿಸುವುದಿಲ್ಲ ಎಂಬ ಸುದ್ದಿಯೂ ಕಿವಿಗೆ ಬಿತ್ತು. ಅವರದು ವರ್ಷದ ಮಟ್ಟಿಗಿನ ನೇಮಕ. ತಂಡ ಈಗ ಸರಿಹೋಗಿದೆ, ನಿರ್ದೇಶಕರೇ ನೋಡಿಕೊಳ್ಳುತ್ತಾರೆ ಎಂದು ಆಡಳಿತದವರು ಅಂದರಂತೆ. ಕೋಚ್ ಆ ಬಗ್ಗೆ ನಮ್ಮ ಹತ್ತಿರ ಒಂದಕ್ಷರ ಎತ್ತಲಿಲ್ಲ.

ವೇದಿಕೆಗೆ ನಮ್ಮನ್ನು ಕರೆದರು. ಅತಿಥಿಗಳು, ಆಡಳಿತದವರು, ಪ್ರಾಂಶುಪಾಲರು ಸಾಲಾಗಿ ಕೂತಿದ್ದರು. ನಿರೂಪಕಿ ಮೈಕಿನಲ್ಲಿ, ತಂಡಕ್ಕೆ ಮಾರ್ಗದರ್ಶನ ನೀಡಿದ ದೈಹಿಕ ಶಿಕ್ಷಣ ನಿರ್ದೇಶಕರು ವೇದಿಕೆಗೆ ಬರಬೇಕು ಎಂದಳು. ಅವರು ಪಾಪ, ತಲೆ ತಗ್ಗಿಸಿ ಬಂದರು. ಕೋಚ್ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತಿದ್ದರು. ಅತಿಥಿಗಳು ಶಾಲು ಹಿಡಿದು ಕ್ಯಾಪ್ಟನಿನ ಮುಂದೆ ನಿಂತರು. ಅವಳು ಎರಡು ಹೆಜ್ಜೆ ಹಿಂದೆ ಸರಿದು, ನಿರೂಪಕಿಯ ಕೈಯಿಂದ ಮೈಕು ತೆಗೆದುಕೊಂಡಳು.

"ಕ್ಷಮಿಸಿ ಸರ್. ನಮಗೆ ಆಟ ಕಲಿಸಿದವರು ಅಲ್ಲಿ ಹಿಂದೆ ಕೂತಿದ್ದಾರೆ. ಅವರನ್ನು ಕರೆದ ಮೇಲೆ ನಾವು ಶಾಲು ಹಾಕಿಸ್ಕೊಳ್ತೇವೆ."

ಪ್ರಾಂಶುಪಾಲರು ಎದ್ದು ಬಂದು ಮೆಲ್ಲಗೆ, "ಆಮೇಲೆ ಮಾತಾಡುವ," ಎಂದರು. ಮೈಕು ಆನ್ ಇತ್ತು; ಅದು ಇಡೀ ಸಭೆಗೆ ಕೇಳಿಸಿತು.

"ಆಮೇಲೆ ಅವರು ಇರುದಿಲ್ವಂತೆ ಸರ್," ಎಂದಳು ಬ್ಯಾರಿ ಹುಡುಗಿ.

ನಾನು ಇಡೀ ವೇದಿಕೆಯ ಮೇಲೆ ಎಲ್ಲರಿಗಿಂತ ಎತ್ತರವಾಗಿ, ಬೆನ್ನು ಸೆಟೆಸಿ ನಿಂತಿದ್ದೆ ಅಷ್ಟೆ. ಕೆಳಗೆ ಹುಡುಗಿಯರು ಚಪ್ಪಾಳೆ ತಟ್ಟಲು ಶುರು ಮಾಡಿದರು. ಮೊದಲು ಒಂದು ಮೂಲೆಯಲ್ಲಿ, ಆಮೇಲೆ ಎಲ್ಲ ಕಡೆ. ಅತಿಥಿಗಳು ಶಾಲನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದರು. ಕೊನೆಗೆ ಅವರೇ ಪ್ರಾಂಶುಪಾಲರಿಗೆ, "ಕರೀರಿ ಮಾರಾಯ್ರೆ, ಎಂತ ನಷ್ಟ?" ಎಂದರು.

ಕೋಚ್ ಎಡಗಾಲು ಎಳೆಯುತ್ತಾ ಬಂದರು. ಶಾಲು ಹಾಕಿಸಿಕೊಂಡು, ಯಾರಿಗೂ ಕೈಮುಗಿಯದೆ, ಫೋಟೊಕ್ಕೆ ನಮ್ಮ ಹಿಂದೆ ಹೋಗಿ ನಿಂತರು. ಸಭೆಯ ಮುಂದೆ ವಿಷಯ ಬಯಲಾಗಿತ್ತು. ಪ್ರಾಂಶುಪಾಲರು ಮುಖ ಗಂಟು ಹಾಕಿಕೊಂಡೇ, ಮುಂದಿನ ವರ್ಷವೂ ಅವರೇ ತರಬೇತಿ ಕೊಡುತ್ತಾರೆ ಎಂದು ಮೈಕಿನಲ್ಲಿ ಹೇಳಬೇಕಾಯಿತು. ಹೇಳಿದಂತೆ ನಡೆದೂ ಬಂತು. ನಾವು ಓದು ಮುಗಿಸಿ ಹೋಗುವವರೆಗೂ ಅವರು ಅಲ್ಲೇ ಇದ್ದರು.

ಕಾರ್ಯಕ್ರಮ ಮುಗಿದ ಮೇಲೆ ಅವರು ನಮ್ಮನ್ನು ಸಭಾಂಗಣದ ಹಿಂದಕ್ಕೆ ಕರೆದುಕೊಂಡು ಹೋದರು. ಖುಷಿಯಾಗಿದ್ದಾರೆಂದು ನಾವು ಎಣಿಸಿದ್ದೆವು. ಅವರು ಸಿಟ್ಟಿನಲ್ಲಿದ್ದರು.

"ನನಗೋಸ್ಕರ ಯಾರೂ ಮಾತಾಡುವ ಅಗತ್ಯ ಇರ್ಲಿಲ್ಲ. ನನ್ನದು ನಾನು ನೋಡಿಕೊಳ್ತೇನೆ."

"ನಿಮಗೋಸ್ಕರ ಅಂತ ಯಾರು ಹೇಳಿದ್ದು ಮೇಡಂ?" ಎಂದಳು ಕ್ಯಾಪ್ಟನ್. "ಮಣಿಪಾಲದವರನ್ನು ಸೋಲಿಸ್ಲಿಕ್ಕೆ ಉಂಟು. ನಮಗೆ ಕೋಚ್ ಬೇಕು."

ಅವರು ಅವಳನ್ನು ದುರುಗುಟ್ಟಿ ನೋಡಿದರು. ಆಮೇಲೆ ಹೆಗಲ ಮೇಲಿನ ಶಾಲನ್ನು ಮಡಚಿ ಅವಳ ಕೈಗೆ ಕೊಟ್ಟು, "ಹಾಗಾದ್ರೆ ಸೋಮವಾರ ಬೆಳಿಗ್ಗೆ ಬೇಗ ಬನ್ನಿ," ಎಂದು ಸ್ಕೂಟರಿನ ಕಡೆ ನಡೆದರು.